ಒಂದೇ ಶಾಖೆ, ಎರಡು ತಲೆಮಾರು

ಕರಾವಳಿಯ ಯಾವುದಾದರೂ ಹಳೆಯ ಸರ್ಕಾರಿ ಬ್ಯಾಂಕ್ ಶಾಖೆಯಲ್ಲಿ ಅರ್ಧ ಗಂಟೆ ಕುಳಿತರೆ ಸಿಬ್ಬಂದಿ ಎರಡು ವಯಸ್ಸಿನ ಗುಂಪಾಗಿ ಕಾಣುತ್ತಾರೆ. ಕ್ಯಾಷ್ ಕೌಂಟರಿನಲ್ಲಿ ನಿವೃತ್ತಿಗೆ ಒಂದೋ ಎರಡೋ ವರ್ಷ ಬಾಕಿ ಇರುವವರು, ಪಕ್ಕದಲ್ಲಿ ಮೂವತ್ತರ ಆಸುಪಾಸಿನವರು. ಇಬ್ಬರ ನಡುವಿನ ವಯಸ್ಸಿನವರು ಕಡಿಮೆ.

ಇದಕ್ಕೆ ಕಾರಣ ಬ್ಯಾಂಕುಗಳ ಚರಿತ್ರೆಯಲ್ಲೇ ಇದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು: ಕೆನರಾ, ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್, ವಿಜಯಾ 1980ರಲ್ಲಿ. ಹಳ್ಳಿಗಳಿಗೂ ಶಾಖೆ ಹೋಯಿತು, ನೇಮಕಾತಿ ಭರದಿಂದ ನಡೆಯಿತು. 1990ರ ದಶಕದಲ್ಲಿ ಕಂಪ್ಯೂಟರ್ ಕಾಲಿಟ್ಟಿತು, ನೇಮಕಾತಿ ಬಹುಮಟ್ಟಿಗೆ ನಿಂತೇಹೋಯಿತು. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರನಡೆದರು. ಆಮೇಲೆ ಮತ್ತೆ ನೇಮಕಾತಿ ಶುರುವಾಗಿ, 2011ರಿಂದ ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆ ಐಬಿಪಿಎಸ್ ಹಲವು ಬ್ಯಾಂಕುಗಳಿಗೆ ಒಟ್ಟಾಗಿ ನಡೆಸುವ ಪರೀಕ್ಷೆ ಬಂತು. ಹೀಗೆ ನಡುವಿನ ಸಾಲು ಖಾಲಿ ಉಳಿಯಿತು. ಅದರ ಮೇಲೆ ವಿಲೀನ: ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್‌ನಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಿಗೆ ಸೇರಿಹೋದವು.

ಇಂಥ ಜಾಗದಲ್ಲಿ ಸಿಬ್ಬಂದಿಯ ಹುರುಪು ಕುಗ್ಗಿದಾಗ ಮೊದಲು ಕೇಳಿಬರುವ ಮಾತು “ಈಗಿನವರಿಗೆ ನಿಷ್ಠೆ ಇಲ್ಲ, ಹಳಬರಿಗೆ ಕಲಿಯುವ ಮನಸ್ಸಿಲ್ಲ” ಎಂಬುದು. ಸಾವಿರಾರು ರೂಪಾಯಿ ಶುಲ್ಕದ ತರಬೇತಿಗಳೂ ಇದನ್ನೇ ಬೇರೆ ಪದಗಳಲ್ಲಿ ಹೇಳುತ್ತವೆ: 1965ರಿಂದ 80ರೊಳಗೆ ಹುಟ್ಟಿದವರು ಜೆನ್ ಎಕ್ಸ್, 1981ರಿಂದ 96ರವರು ಮಿಲೆನಿಯಲ್, ಆಮೇಲಿನವರು ಜೆನ್ ಝಡ್, ಒಬ್ಬೊಬ್ಬರದು ಒಂದೊಂದು ಸ್ವಭಾವ. ಜನ್ಮವರ್ಷ ನೋಡಿ ಗುಣ ಹೇಳುವ ಈ ಪದ್ಧತಿಗೆ ಆಧಾರ ಬಹಳ ತೆಳು.

ಅದರ ತೊಡಕು ಇರುವುದು ಒಂದು ಸಣ್ಣ ಲೆಕ್ಕದಲ್ಲಿ. ವಯಸ್ಸು ಎಂದರೆ ಈ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದದ್ದು. ಇವತ್ತು ಸಮೀಕ್ಷೆ ನಡೆಸಿ, 27ರವರಿಗೆ ಕೆಲಸ ಬಿಡುವ ಯೋಚನೆ ಹೆಚ್ಚು, 57ರವರಿಗೆ ಕಡಿಮೆ ಎಂದು ಕಂಡುಕೊಂಡೆವು ಅನ್ನಿ. ಇದು 1990ರ ದಶಕದ ಕೊನೆಗೆ ಹುಟ್ಟಿದವರ ಗುಣವೇ, ಅಥವಾ 27ನೇ ವಯಸ್ಸಿನ ಗುಣವೇ? ಒಂದು ಸಲದ ಸಮೀಕ್ಷೆಯಿಂದ ಗೊತ್ತಾಗುವುದಿಲ್ಲ. ಈಗ 57 ಆದವರು ತಮ್ಮ 27ರಲ್ಲಿ ಏನು ಹೇಳುತ್ತಿದ್ದರು ಎಂಬುದು ಬೇಕು. ವರ್ಷಗಟ್ಟಲೆ ಸಮೀಕ್ಷೆ ಮಾಡಿದರೂ ವಯಸ್ಸು, ಕಾಲ, ತಲೆಮಾರು ಮೂರನ್ನೂ ಪೂರ್ತಿ ಬಿಡಿಸಲಾಗದು. ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿಗದಿಯಾಗಿಬಿಡುತ್ತದೆ.

ಒಂದೇ ವಯಸ್ಸನ್ನು ಬೇರೆ ಬೇರೆ ಕಾಲದಲ್ಲಿ ಹೋಲಿಸಿದ ಲೆಕ್ಕ ಅಮೆರಿಕದಲ್ಲಿ ಸಿಗುತ್ತದೆ. 2016ರಲ್ಲಿ ಅಲ್ಲಿನ 18ರಿಂದ 35ರ ದುಡಿಯುವವರಲ್ಲಿ 63.4% ಮಂದಿ ಒಂದೇ ಮಾಲೀಕರ ಬಳಿ ಕನಿಷ್ಠ 13 ತಿಂಗಳು ಕಳೆದಿದ್ದರು. 2000ದಲ್ಲಿ ಅದೇ ವಯಸ್ಸಿನವರಲ್ಲಿ ಇದು 59.9% ಇತ್ತು. ‘ಕೆಲಸ ಬಿಟ್ಟು ಹಾರುವವರು’ ಎಂದು ಹೆಸರಾದ ಮಿಲೆನಿಯಲ್‌ಗಳು ಹಿಂದಿನವರಿಗಿಂತ ತುಸು ಹೆಚ್ಚೇ ನೆಲೆನಿಂತಿದ್ದರು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ತಜ್ಞ ಸಮಿತಿ ಇಂಥ ಅಧ್ಯಯನಗಳನ್ನೆಲ್ಲ ಜಾಲಾಡಿ, ಸಿಬ್ಬಂದಿ ನಿರ್ವಹಣೆಗೆ ತಲೆಮಾರಿನ ಹಣೆಪಟ್ಟಿಗಳನ್ನು ನೆಚ್ಚಬಾರದು ಎಂಬ ತೀರ್ಮಾನಕ್ಕೆ ಬಂತು.

ಹಾಗಂತ ಇಬ್ಬರೂ ಒಂದೇ ಎಂದರೆ ತಪ್ಪಾಗುತ್ತದೆ. ವ್ಯತ್ಯಾಸ ಇದೆ, ಆದರೆ ನಾವು ಅದನ್ನು ಹುಡುಕುತ್ತಿರುವ ಜಾಗದಲ್ಲಿ ಅದು ಇಲ್ಲ. ಸರ್ಕಾರಿ ಬ್ಯಾಂಕುಗಳಲ್ಲಿ 2010ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಅವರು ಸೇರುವುದು ವಂತಿಗೆ ಆಧಾರಿತ ಯೋಜನೆಗೆ. ಒಂದೇ ಶಾಖೆಯಲ್ಲಿ, ಒಂದೇ ಕೆಲಸಕ್ಕೆ, ಒಬ್ಬರಿಗೆ ನಿವೃತ್ತಿಯ ನಂತರದ ಮೊತ್ತ ಇಂತಿಷ್ಟೆಂದು ಗೊತ್ತು, ಇನ್ನೊಬ್ಬರಿಗೆ ಅದು ಮಾರುಕಟ್ಟೆಗೆ ಬಿಟ್ಟದ್ದು. ಕಿರಿಯರು ‘ಬ್ಯಾಂಕೇ ನನ್ನ ಮನೆ’ ಎನ್ನದಿದ್ದರೆ ಅದಕ್ಕೆ ಅವರು ಹುಟ್ಟಿದ ವರ್ಷ ಕಾರಣವಲ್ಲ, ಅವರು ಸಹಿ ಹಾಕಿದ ಷರತ್ತು ಕಾರಣ. ಅಧಿಕಾರಿಗಳ ನೇಮಕ ಅಖಿಲ ಭಾರತ ಮಟ್ಟದ್ದು, ಊರು ಹೊಸದು, ಭಾಷೆ ಹೊಸದು, ಜೊತೆಗೆ ವರ್ಗಾವಣೆ. ಮನೋಬಲದ ಮಾತು ಆಡುವವರು ಮೊದಲು ಈ ಷರತ್ತುಗಳ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಬೇಕು.

ಎರಡನೆಯ ನಿಜವಾದ ವ್ಯತ್ಯಾಸ ದೇಹದ್ದು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತ ಹೋಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ, ಅದೇ ಬೆಳಕಿನಲ್ಲಿ 60ರವರ ಅಕ್ಷಿಪಟಲಕ್ಕೆ 20ರವರಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ಹಾಗಿರುವಾಗ ಕಂಪ್ಯೂಟರಿನ ಸಣ್ಣ ಅಕ್ಷರ, ತಲೆಯ ಹಿಂದಿನ ಕಿಟಕಿಯ ಬೆಳಕು ಪರದೆಗೆ ಬಡಿಯುವುದು, ಇವೇ ‘ಹಳಬರು ಸಿಸ್ಟಂ ಕಲಿಯುವುದಿಲ್ಲ’ ಎಂಬ ದೂರಿನ ಒಂದಷ್ಟು ಪಾಲು.

ಮೆದುಳಿನ ವೇಗವೂ ಇಳಿಯುತ್ತದೆ, ಆದರೆ ಅನುಭವ ಅದನ್ನು ಹೇಗೆ ತುಂಬಿಕೊಡುತ್ತದೆ ಎಂಬುದಕ್ಕೆ ತಿಮೋತಿ ಸಾಲ್ಟ್‌ಹೌಸ್ ಎಂಬ ಮನೋವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. 19ರಿಂದ 72 ವಯಸ್ಸಿನ ಟೈಪಿಸ್ಟ್‌ಗಳನ್ನು ಅವರು ಪರೀಕ್ಷಿಸಿದರು. ಬರೀ ಬೆರಳು ಬಡಿಯುವ ವೇಗದಲ್ಲಿ, ಕಂಡದ್ದಕ್ಕೆ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಹಿರಿಯರು ನಿಧಾನ. ಟೈಪಿಂಗ್ ವೇಗದಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. ಮೂಲ ಪ್ರತಿಯಲ್ಲಿ ಎಷ್ಟು ಅಕ್ಷರ ಮುಂದಕ್ಕೆ ಕಾಣಿಸಬೇಕು ಎಂಬುದನ್ನು ಬದಲಿಸುತ್ತ ಹೋದಾಗ ಗುಟ್ಟು ತಿಳಿಯಿತು: ಹಿರಿಯರ ಕಣ್ಣು ಬೆರಳಿಗಿಂತ ಇನ್ನಷ್ಟು ಮುಂದಕ್ಕೆ ಓಡುತ್ತಿತ್ತು, ಬೆರಳಿನ ನಿಧಾನವನ್ನು ಅದು ಸರಿದೂಗಿಸುತ್ತಿತ್ತು. ಮುಂದಿನ ಅಕ್ಷರಗಳನ್ನು ಮುಚ್ಚಿದರೆ ಆ ಅನುಕೂಲ ಹೋಯಿತು. ಹೊಸ ಸಾಫ್ಟ್‌ವೇರ್ ಬಂದಾಗ ಆಗುವುದೂ ಹೀಗೆಯೇ. ಅನುಭವಸ್ಥರಿಗೆ ‘ಮುಂದಿನದು’ ಕಾಣದಂತಾಗುತ್ತದೆ. ಅವರಿಗೆ ಬೇಕಾದದ್ದು ಒಂದು ದಿನದ ಭಾಷಣವಲ್ಲ. ಅರ್ಜಿ ಶಾಖೆಗೆ ಬಂದಲ್ಲಿಂದ ದಿನದ ಲೆಕ್ಕ ಮುಗಿಯುವವರೆಗೆ ಯಾವ ಪರದೆಯ ನಂತರ ಯಾವುದು ಬರುತ್ತದೆ ಎಂಬ ಪೂರ್ತಿ ನಕ್ಷೆ ಬೇಕು. ನಕಲಿ ಖಾತೆಗಳ ಮೇಲೆ ತಪ್ಪು ಮಾಡಿ ಕಲಿಯಲು ಅವಕಾಶ ಬೇಕು.

ಕೆಲಸದ ಜಾಗವನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಡಿಂಗೊಲ್ಫಿಂಗ್‌ನಲ್ಲಿ ಬಿಎಂಡಬ್ಲ್ಯು ಕಾರ್ಖಾನೆ 2007ರಲ್ಲಿ ಮಾಡಿದ ಪ್ರಯೋಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಾದ ಉದಾಹರಣೆ. ಅಲ್ಲಿನ ಸಿಬ್ಬಂದಿಯ ಸರಾಸರಿ ವಯಸ್ಸು 39. ಹತ್ತು ವರ್ಷದಲ್ಲಿ ಅದು 47ಕ್ಕೆ ಏರಲಿದೆ ಎಂದು ಲೆಕ್ಕ ಹೇಳುತ್ತಿತ್ತು. ಹಿಂಬದಿ ಆಕ್ಸಲ್‌ನ ಗೇರ್‌ಬಾಕ್ಸ್ ಜೋಡಿಸುವ ಒಂದು ಲೈನಿಗೆ 42 ಮಂದಿಯನ್ನು ಸರಾಸರಿ 47 ಬರುವಂತೆ ಹಾಕಿದರು, ಅಂದರೆ 2017ರ ಲೈನನ್ನು ಹತ್ತು ವರ್ಷ ಮೊದಲೇ ಕಟ್ಟಿದರು. ಶುರುವಿನಲ್ಲಿ ಅದಕ್ಕೆ ‘ಪಿಂಚಣಿದಾರರ ಲೈನ್’ ಎಂಬ ಅಡ್ಡಹೆಸರು ಬಿತ್ತು, ಸೇರುವವರೂ ಹಿಂದೇಟು ಹಾಕಿದರು. ಮೇಲಿನವರು ಪರಿಹಾರ ತಂದು ಹೇರದೆ ಮೈ ಎಲ್ಲಿ ನೋಯುತ್ತದೆ, ಏನು ಬದಲಾದರೆ ಒಳ್ಳೆಯದು ಎಂದು ಕೆಲಸದವರನ್ನೇ ಕೇಳಿದರು. ಸುಮಾರು 70 ಸಣ್ಣ ಬದಲಾವಣೆಗಳು ಬಂದವು. ಸಿಮೆಂಟ್ ನೆಲದ ಮೇಲೆ ಮರದ ಹಾಸು, ಮೊಣಕಾಲಿಗೆ ಆಘಾತ ಕಡಿಮೆ ಆಗಲು. ಕ್ಷೌರದಂಗಡಿಯಲ್ಲಿ ಇರುವಂಥ ಕುರ್ಚಿ, ಕೆಲವು ಕೆಲಸ ಕೂತು ಮಾಡಲು, ನಡುವೆ ಒಂದು ಗಳಿಗೆ ಕಾಲಿಗೆ ವಿಶ್ರಾಂತಿ ಕೊಡಲು. ಸಣ್ಣ ಬಿಡಿಭಾಗ ಹಿಡಿಯುವಲ್ಲಿ ಭೂತಗನ್ನಡಿ, ಪರದೆಯಲ್ಲಿ ದೊಡ್ಡ ಅಕ್ಷರ. ಒಂದೇ ಕೀಲಿಗೆ ಇಡೀ ಪಾಳಿ ಒತ್ತಡ ಬೀಳದಂತೆ ಪಾಳಿಯೊಳಗೇ ಜಾಗ ಬದಲಿ. ದಿನವೂ ಕೆಲವು ನಿಮಿಷ ವ್ಯಾಯಾಮ.

ಸಲಕರಣೆಗೆ ಆದ ಖರ್ಚು ಸುಮಾರು 20,000 ಯೂರೋ, ಸಭೆಗಳಿಗೆ ಕೊಟ್ಟ ಸಮಯದ ಕೂಲಿ ಇನ್ನೊಂದು ಅಷ್ಟೇ. ಒಂದು ವರ್ಷದಲ್ಲಿ ಉತ್ಪಾದಕತೆ 7% ಏರಿ ಎಳೆಯರ ಲೈನಿಗೆ ಸಮನಾಯಿತು. ಅನಾರೋಗ್ಯದ ಗೈರುಹಾಜರಿ 7%ನಿಂದ 2%ಗೆ ಇಳಿಯಿತು. ಇದು ಒಂದೇ ಲೈನಿನ ಅನುಭವ ಎಂಬುದು ನೆನಪಿರಲಿ. ‘ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ’ ಎಂಬುದೇ ಉತ್ಸಾಹ ತಂದಿರಲೂಬಹುದು. ಆದರೆ ಗಮನದ ಬಿಸಿ ಆರಿದ ಮೇಲೂ ಮರದ ನೆಲ ಅಲ್ಲೇ ಇರುತ್ತದೆ.

ಹುರುಪನ್ನು ಅಳೆಯುವುದು ಹೇಗೆ? ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ರೂಪುಗೊಂಡ ಅಳತೆಪಟ್ಟಿ ಮೂರನ್ನು ಕೇಳುತ್ತದೆ: ಬೆಳಿಗ್ಗೆ ಕೆಲಸಕ್ಕೆ ಹೊರಡಲು ಚೈತನ್ಯ ಇದೆಯೇ, ಆ ಕೆಲಸಕ್ಕೆ ಅರ್ಥ ಇದೆ ಅನ್ನಿಸುತ್ತದೆಯೇ, ಅದರಲ್ಲಿ ಮುಳುಗಿ ಹೊತ್ತು ಹೋದದ್ದು ತಿಳಿಯದಂತಾಗುತ್ತದೆಯೇ. ಅದರ ಚಿಕ್ಕ ರೂಪದಲ್ಲಿ 9 ಪ್ರಶ್ನೆ, ಉತ್ತರ 0ಯಿಂದ 6. ಇದು ತೃಪ್ತಿಯ ಅಳತೆಯಲ್ಲ. ಸಂಬಳ ಬಂದರೆ ಸಾಕು ಎಂದು ತೃಪ್ತರಾಗಿ ಕೈಕಟ್ಟಿ ಕೂತವರೂ ಇರುತ್ತಾರೆ. ಇದರ ಹಿಂದಿನ ತಿಳಿವಳಿಕೆ ಹೀಗಿದೆ: ಹೊರೆ, ಗಡಿಬಿಡಿ, ಗೊಂದಲ ಜನರನ್ನು ಸುಸ್ತು ಮಾಡುತ್ತವೆ, ಸ್ವಾತಂತ್ರ್ಯ, ಜೊತೆಯವರ ಆಸರೆ, ಕೆಲಸ ಹೇಗಾಯಿತೆಂಬ ಉತ್ತರ, ಕಲಿಯುವ ಅವಕಾಶ ಹುರುಪು ತರುತ್ತವೆ. ಎರಡೂ ಬೇರೆ ಬೇರೆ ನಲ್ಲಿಗಳು. ಟಾರ್ಗೆಟ್ ಇಳಿಸಿದರೆ ಆಯಾಸ ಕಡಿಮೆ ಆದೀತು, ಹುರುಪು ತನ್ನಿಂದ ತಾನೇ ಬರುವುದಿಲ್ಲ.

ಸಮೀಕ್ಷೆ ಕೆಡುವುದು ಹೆಚ್ಚಾಗಿ ಸಣ್ಣ ಅಂಕಗಣಿತದಲ್ಲಿ. 8 ಜನರ ಶಾಖೆಯಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಫಲಿತಾಂಶ 12.5% ಜಿಗಿಯುತ್ತದೆ; ಅದನ್ನು ‘ಸುಧಾರಣೆ’ ಅನ್ನಲಾಗದು. ಅದೇ ಶಾಖೆಯಲ್ಲಿ 55 ದಾಟಿದ ಮಹಿಳೆ ಒಬ್ಬರೇ ಇದ್ದು, ನಮೂನೆಯಲ್ಲಿ ವಯಸ್ಸು ಮತ್ತು ಲಿಂಗ ಎರಡೂ ಕೇಳಿದರೆ ಹೆಸರು ಬರೆಯದಿದ್ದರೂ ಅವರು ಯಾರೆಂದು ಎಲ್ಲರಿಗೂ ಗೊತ್ತು. ಆಗ ಅವರು ಎಲ್ಲ ಪ್ರಶ್ನೆಗೂ ‘ಚೆನ್ನಾಗಿದೆ’ ಎಂದೇ ಗುರುತು ಹಾಕುತ್ತಾರೆ. ಹತ್ತು ಉತ್ತರಕ್ಕಿಂತ ಕಡಿಮೆ ಇರುವ ಗುಂಪಿನ ಅಂಕಿಯನ್ನು ಬೇರೆಯಾಗಿ ತೋರಿಸದೆ, ಹತ್ತಿರದ ಐದಾರು ಶಾಖೆಗಳನ್ನು ಸೇರಿಸಿ ನೋಡುವುದೇ ಸರಿ. ಅಂಕವನ್ನು ಮ್ಯಾನೇಜರರ ಬಡ್ತಿಗೆ ಕಟ್ಟಿದರೆ ಅಳತೆ ಅಲ್ಲಿಗೇ ಸತ್ತಂತೆ. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಒಂದು ತಿಂಗಳೊಳಗೆ ಫಲಿತಾಂಶವನ್ನು ಅದೇ ಸಿಬ್ಬಂದಿಯ ಮುಂದೆ ಇಟ್ಟು, ಶಾಖೆಯೇ ಸರಿಪಡಿಸಬಹುದಾದ ಎರಡು ಸಂಗತಿಗಳನ್ನು ಆರಿಸಿಕೊಂಡು, ಯಾರು ಯಾವ ತಾರೀಖಿಗೆ ಮಾಡುತ್ತಾರೆಂದು ಬರೆಯಬೇಕು. ಪಿಂಚಣಿ, ವರ್ಗಾವಣೆ ಶಾಖೆಯ ಕೈಯಲ್ಲಿಲ್ಲ ಎಂಬುದನ್ನೂ ಅದೇ ಸಭೆಯಲ್ಲಿ ನೇರವಾಗಿ ಹೇಳಬೇಕು. ಊಟದ ವೇಳೆ ಕೌಂಟರ್ ನೋಡುವವರು ಯಾರು, ಲಾಗಿನ್ ಲಾಕ್ ಆದರೆ ಯಾರಿಗೆ ಫೋನ್ ಮಾಡಬೇಕು, ಇವು ಶಾಖೆಯ ಕೈಯಲ್ಲಿವೆ.

ವಿಲೀನದ ನಂತರ ಈ ಸಣ್ಣ ಸಂಗತಿಗಳೇ ದೊಡ್ಡದಾಗುತ್ತವೆ. ಮೂವತ್ತು ವರ್ಷ ‘ಯಾರನ್ನು ಕೇಳಬೇಕು’ ಎಂಬುದು ಬಾಯಿಪಾಠ ಇದ್ದವರಿಗೆ ಒಂದೇ ದಿನದಲ್ಲಿ ನಮೂನೆ, ಸುತ್ತೋಲೆ, ವಲಯ ಕಚೇರಿ ಎಲ್ಲ ಬದಲು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯ ಸಂಪ್ರದಾಯದಲ್ಲಿ, ಗ್ರಾಹಕರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದ ಸಿಂಡಿಕೇಟ್ ಬ್ಯಾಂಕಿನ ಹೆಸರಿನಲ್ಲಿ ಬೆಳೆದವರಿಗೆ ಬೋರ್ಡು ಇಳಿದದ್ದು ಬರೀ ಬೋರ್ಡಿನ ವಿಷಯವಲ್ಲ. ಆ ನೋವಿಗೆ ಜಾಗ ಕೊಡದೆ ‘ಹೊಸತನಕ್ಕೆ ವಿರೋಧ’ ಎಂದು ತಳ್ಳಿಹಾಕಿದಲ್ಲಿ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ತಪ್ಪುಗಳೂ ಮುಚ್ಚಿಹೋಗುತ್ತವೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾದದ್ದು ಕಂಡಿತು. ಅಲ್ಲಿ ತಪ್ಪನ್ನು ಹೇಳಲು ಹೆದರಿಕೆ ಇರಲಿಲ್ಲ. ಶಾಖೆಯಲ್ಲಿ ವರದಿಯಾಗುವ ತಪ್ಪುಗಳು ಏರಿದ ತಿಂಗಳು ಗದರಿದರೆ ಮುಂದಿನ ತಿಂಗಳು ವರದಿಯಷ್ಟೇ ಇಳಿಯುತ್ತದೆ.

ಕಿರಿಯರು ಹಿರಿಯರಿಗೆ ಆ್ಯಪ್ ಕಲಿಸುವ ಜೋಡಿ ವ್ಯವಸ್ಥೆ ಈಗ ಹಲವು ಕಡೆ ಇದೆ. ಒಂದೇ ದಿಕ್ಕಿನಲ್ಲಿ ನಡೆದರೆ ಅದು ಹಿರಿಯರಿಗೆ ಅವಮಾನವಾಗಿ, ಕಿರಿಯರಿಗೆ ಬಿಟ್ಟಿ ಚಾಕರಿಯಾಗಿ ಮುಗಿಯುತ್ತದೆ. ಹಿರಿಯರ ಬಳಿ ಇರುವುದನ್ನೂ ಪಟ್ಟಿ ಮಾಡಬೇಕು: ಪಹಣಿಯಲ್ಲಿ ಜಂಟಿ ಹೆಸರು ಕಂಡಾಗ ಏನು ಕೇಳಬೇಕು, ಅಡಿಕೆ ಬೆಳೆಗಾರರಿಗೆ ಯಾವ ತಿಂಗಳು ಕೈಯಲ್ಲಿ ದುಡ್ಡಿರುತ್ತದೆ, ಯಾವ ಹಳೆಯ ಖಾತೆಯ ಸಹಿ ಯಾಕೆ ಬದಲಾಗಿದೆ. ನಿವೃತ್ತಿಗೆ ಆರು ತಿಂಗಳು ಇರುವಾಗಲೇ ವಾರಕ್ಕೆರಡು ತಾಸು ಕೌಂಟರಿನ ಕೆಲಸದಿಂದ ಬಿಡುವು ಕೊಟ್ಟು, ಉತ್ತರಾಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿ, ಹೊರರಾಜ್ಯದವರಾದರೆ ಇದನ್ನು ಗ್ರಾಹಕರ ಎದುರೇ ಕನ್ನಡದಲ್ಲಿ ನಡೆಸಬೇಕು. ಮೊದಲ ತಿಂಗಳು ಹಿರಿಯರು ಮಾಡುವುದು, ಕಿರಿಯರು ನೋಡುವುದು. ಮೂರನೆಯ ತಿಂಗಳಿಂದ ಕಿರಿಯರು ಮಾಡುವುದು, ಹಿರಿಯರು ಕೈಕಟ್ಟಿ ನೋಡುವುದು.