ಮೋಟಾರಿಗೆ ಓವರ್‌ಲೋಡ್ ಆಗುವುದು ಹೇಗೆ?

ಫೆಬ್ರವರಿ ಕಳೆದರೆ ಸಾಕು, ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಒಂದೇ ದೂರು. ಪಂಪು ಹಾಕಿ ಮನೆಗೆ ಬರುವಷ್ಟರಲ್ಲಿ ಆಫ್! ಓವರ್‌ಲೋಡ್ ಅಂತೆ. ಅದೇ ಕೆರೆ, ಅದೇ ಪೈಪು, ಅದೇ ಸ್ಪ್ರಿಂಕ್ಲರ್. ಹಾಗಾದರೆ ಜಾಸ್ತಿಯಾದದ್ದು ಏನು?

ಕರೆಂಟು. ನೀರೆತ್ತುವ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ವೋಲ್ಟೇಜ್ ಇಳಿದಾಗ ಅದೇ ಕೆಲಸಕ್ಕೆ ಮೋಟಾರು ಜಾಸ್ತಿ ಆಂಪಿಯರ್ ಎಳೆಯುತ್ತದೆ. ತ್ರೀ ಫೇಸ್ ಲೈನಿನಲ್ಲಿ 415 ವೋಲ್ಟ್ ಇರಬೇಕಾದಲ್ಲಿ 340 ಇದೆ ಅಂದುಕೊಳ್ಳಿ, ಕರೆಂಟು ಸುಮಾರು 1.2 ಪಟ್ಟು ಆಗುತ್ತದೆ. ಅಷ್ಟೇ ತಾನೇ ಅನ್ನಬೇಡಿ. ಕರೆಂಟು ದುಪ್ಪಟ್ಟಾದರೆ ವೈಂಡಿಂಗಿನಲ್ಲಿ, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿಯಲ್ಲಿ, ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ, ಆ ಲೆಕ್ಕದಲ್ಲಿ 1.2 ಪಟ್ಟಿಗೇ ಬಿಸಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. 10 ಡಿಗ್ರಿ ಬಿಸಿ ಜಾಸ್ತಿಯಾದರೆ ವೈಂಡಿಂಗಿನ ಇನ್ಸುಲೇಶನ್ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಅಂದಾಜು. ಒಂದು ಫೇಸ್ ಪೂರ್ತಿ ಹೋದರಂತೂ ಉಳಿದೆರಡು ಫೇಸಿನ ಮೇಲೆ ಸುಮಾರು 1.7 ಪಟ್ಟು ಕರೆಂಟು ಬೀಳುತ್ತದೆ, ಬಿಸಿ ಮೂರು ಪಟ್ಟು.

ಇದನ್ನು ತಡೆಯುವುದಕ್ಕೇ ಸ್ಟಾರ್ಟರಿನೊಳಗೆ ಓವರ್‌ಲೋಡ್ ರಿಲೇ ಇರುವುದು. ಅದರಲ್ಲಿ ಎರಡು ಬೇರೆ ಬೇರೆ ಲೋಹ ಬೆಸೆದ ಸಣ್ಣ ಪಟ್ಟಿಗಳಿವೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ, ಹಾಗಾಗಿ ಪಟ್ಟಿ ಬಗ್ಗಿ ಸನ್ನೆಯನ್ನು ತಳ್ಳುತ್ತದೆ, ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬಿಡುತ್ತದೆ. ಫ್ಯೂಸಿನ ಹಾಗೆ ಅವಸರ ಇಲ್ಲ ಇದಕ್ಕೆ. ಸ್ಟಾರ್ಟ್ ಮಾಡಿದ ಕ್ಷಣ ಮೋಟಾರು ಆರೇಳು ಪಟ್ಟು ಕರೆಂಟು ಎಳೆದರೂ ಕೆಲವು ಸೆಕೆಂಡು ಸುಮ್ಮನಿರುತ್ತದೆ. ರಿಲೇಯ ಡಯಲ್ಲಿನಲ್ಲಿ ಸೆಟ್ ಮಾಡಿದ ಕರೆಂಟಿನ 1.2 ಪಟ್ಟು ಹರಿಯುತ್ತಲೇ ಇದ್ದರೆ ಎರಡು ಗಂಟೆಯೊಳಗೆ ಬಿಡಲೇಬೇಕು ಅಂತ ಅಂತಾರಾಷ್ಟ್ರೀಯ ಮಾನದಂಡವಿದೆ.

ಟ್ರಿಪ್ ಆದ ಕೂಡಲೇ ರೀಸೆಟ್ ಒತ್ತುವುದು, ಆಗಲಿಲ್ಲವೆಂದರೆ ಸ್ಕ್ರೂಡ್ರೈವರ್ ಹಾಕಿ ಡಯಲ್ಲನ್ನೇ ಮೇಲಕ್ಕೆ ತಿರುಗಿಸುವುದು ನಮ್ಮಲ್ಲಿ ಮಾಮೂಲು. ತೋಟಕ್ಕೆ ಆವತ್ತು ನೀರು ಹೋಗುತ್ತದೆ ನಿಜ, ಆಮೇಲೆ ರೀವೈಂಡಿಂಗ್ ಬಿಲ್ಲು ಬರುತ್ತದೆ.

ವೋಲ್ಟೇಜ್ ಸರಿಯಿದ್ದೂ ಟ್ರಿಪ್ ಆದರೆ ಪೈಪ್‌ಲೈನ್ ನೋಡಿ. ಎಲ್ಲೋ ಕೆಳಗೆ ಪೈಪು ಒಡೆದು ನೀರು ಸಲೀಸಾಗಿ ಹೊರಗೆ ಹೋಗುತ್ತಿದ್ದರೆ ಮೋಟಾರಿಗೆ ಹಗುರ ಅಂತ ಅನಿಸುತ್ತದೆ ಅಲ್ವಾ? ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಉಲ್ಟಾ. ತಡೆ ಕಡಿಮೆಯಾದಷ್ಟೂ ಜಾಸ್ತಿ ನೀರು, ಜಾಸ್ತಿ ನೀರಿಗೆ ಜಾಸ್ತಿ ಕರೆಂಟು. ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ವಯರಿಗೆ ಕ್ಲ್ಯಾಂಪ್ ಮೀಟರ್ (ಕರೆಂಟು ಅಳೆಯುವ ಉಪಕರಣ) ಹಿಡಿದರೆ ಆಂಪಿಯರ್ ಇಳಿಯುವುದು ಕಣ್ಣಿಗೇ ಕಾಣುತ್ತದೆ.