ಮಗಳನ್ನು ಗೈಡ್ಸ್‌ಗೆ ಸೇರಿಸಿದರೆ ಏನು ಲಾಭ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಗೈಡ್ಸ್ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ಸರ್ಟಿಫಿಕೇಟು ಬಿಟ್ಟರೆ ಅದರಿಂದ ಮುಂದೆ ಏನಾದರೂ ಉಪಯೋಗ ಇದೆಯಾ?

ಖಂಡಿತ ಇದೆ, ಸೇರಿಸಿ. ಹುಡುಗರಿಗೆ ಸ್ಕೌಟ್ಸ್ ಇದ್ದ ಹಾಗೆ ಹುಡುಗಿಯರಿಗೆ ಗೈಡ್ಸ್. ಸರ್ಟಿಫಿಕೇಟಿನ ಮಾತು ಮೊದಲೇ ಮುಗಿಸಿಬಿಡೋಣ. ಇದರಲ್ಲಿನ ದೊಡ್ಡ ಪ್ರಶಸ್ತಿಯಾದ ರಾಷ್ಟ್ರಪತಿ ಪುರಸ್ಕಾರದವರೆಗೂ ಹೋದವರಿಗೆ ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇದೆ. ಆದರೆ ಬರೀ ಅದಕ್ಕೋಸ್ಕರ ಸೇರಿಸಬೇಕಾಗಿಲ್ಲ.

ನಿಜವಾದ ಕಲಿಕೆ ನಡೆಯೋದು ಪಟ್ರೋಲ್‌ನಲ್ಲಿ. ಹಾಗಂದರೆ 6ರಿಂದ 8 ಹುಡುಗಿಯರ ಪುಟ್ಟ ಗುಂಪು. ಅವರಲ್ಲೇ ಒಬ್ಬಳು ಲೀಡರ್. ಕ್ಯಾಂಪಿನಲ್ಲಿ ಈ ಗುಂಪನ್ನು ನೋಡಬೇಕು. ಮೂರು ಬಿದಿರು ಕೋಲುಗಳನ್ನು ಹಗ್ಗದಲ್ಲಿ ಬಿಗಿದು, ಅದಕ್ಕೆ ಪಾತ್ರೆ ತೂಗುಹಾಕಿ ಅಡುಗೆ ಮಾಡಬೇಕು. ಕಟ್ಟು ಸಡಿಲವಾದರೆ ಅನ್ನ ಮಣ್ಣುಪಾಲು. ಕಟ್ಟಿಗೆ ಹಸಿ, ಹೊಗೆಗೆ ಕಣ್ಣುರಿ. ಇದರ ಮಧ್ಯೆ ಒಬ್ಬಳು ನಾನು ನೀರು ತರಲ್ಲ ಅಂತ ಮುನಿಸಿಕೊಂಡು ಕೂತಿರುತ್ತಾಳೆ. ಲೀಡರ್‌ಗೂ ಹದಿಮೂರೋ ಹದಿನಾಲ್ಕೋ ವಯಸ್ಸು. ಗೈಡ್ ಕ್ಯಾಪ್ಟನ್, ಅಂದರೆ ಟೀಚರ್, ದೂರದಲ್ಲಿ ನಿಂತು ನೋಡುತ್ತಾರೆ. ಮುನಿಸಿಕೊಂಡವಳನ್ನು ಆ ಹುಡುಗಿಯೇ ಒಲಿಸಬೇಕು. ಎಲ್ಲರ ಊಟವೂ ಆಗಬೇಕು. ಮುಂದೆ ಆಫೀಸಿನಲ್ಲೋ, ಪಂಚಾಯಿತಿಯಲ್ಲೋ, ಸಂಘದಲ್ಲೋ ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯುವ ಧೈರ್ಯ ಹೀಗೇ ಬರುತ್ತದೆ.

ಹುಡುಗಿಯರದೇ ಗುಂಪು ಯಾಕೆ ಬೇಕು? ಹುಡುಗರೂ ಇದ್ದಲ್ಲಿ ಡೇರೆ, ಹಗ್ಗ ಅವರ ಕೈಗೆ ಹೋಗುತ್ತದೆ, ಅಡುಗೆ, ರಂಗೋಲಿ ಇವರ ಪಾಲಿಗೆ ಬರುತ್ತದೆ. ಯಾರೂ ಹೇಳಬೇಕಾಗಿಲ್ಲ, ತಾನಾಗೇ ಆಗಿಬಿಡುತ್ತೆ ಅಲ್ವಾ? ಇಲ್ಲಿ ಗೂಟ ಹೊಡೆಯುವವಳೂ ಹುಡುಗಿಯೇ, ಖರ್ಚಿನ ಲೆಕ್ಕ ಬರೆಯುವವಳೂ ಹುಡುಗಿಯೇ.

ಗೈಡ್ಸ್ ಶುರುವಾಗಿದ್ದೂ ಹುಡುಗಿಯರ ಹಟದಿಂದಲೇ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ಮೇಳ ನಡೆದಾಗ, ಕೆಲವು ಹುಡುಗಿಯರು ತಾವೇ ಹೊಂದಿಸಿಕೊಂಡ ಸಮವಸ್ತ್ರದಲ್ಲಿ ಬಂದು ನಮ್ಮನ್ನೂ ಸೇರಿಸಿಕೊಳ್ಳಿ ಅಂದರು. ಮರುವರ್ಷ ಗೈಡ್ಸ್ ಹುಟ್ಟಿತು. 1911ಕ್ಕೆ ಜಬಲ್ಪುರದ ಮೂಲಕ ಭಾರತಕ್ಕೂ ಬಂತು.

ಒಂದು ಮಾತು ಮಾತ್ರ ನೆನಪಿಡಿ. ಕೆಲವು ಶಾಲೆಗಳಲ್ಲಿ ಗೈಡ್ಸ್ ಅಂದರೆ ಆಗಸ್ಟ್ 15ಕ್ಕೆ ಸ್ಕಾರ್ಫ್ ಕಟ್ಟಿ ಸಾಲಾಗಿ ನಿಲ್ಲೋದಷ್ಟೇ. ಅಂಥ ಕಡೆ ಹೆಚ್ಚೇನೂ ಸಿಗುವುದಿಲ್ಲ. ಕ್ಯಾಪ್ಟನ್ ಹತ್ತಿರ ಹೋಗಿ ಕೇಳಿ: ಪಟ್ರೋಲ್‌ಗಳು ವಾರವಾರ ಸೇರುತ್ತವಾ? ಲೀಡರ್‌ಗಳು ಕೂತು ತೀರ್ಮಾನ ತೆಗೆದುಕೊಳ್ಳುವ ಕೋರ್ಟ್ ಆಫ್ ಆನರ್ ನಡೆಯುತ್ತಾ? ಸ್ಕೌಟ್ಸ್-ಗೈಡ್ಸ್ ಶಿಬಿರದ ಜಾಗಗಳಿರುವ ದೊಡ್ಡಬಳ್ಳಾಪುರ, ಕೊಂಡಜ್ಜಿಯಂಥ ಕಡೆ ರಾತ್ರಿ ಉಳಿಯುವ ಕ್ಯಾಂಪಿಗೆ ಕರೆದೊಯ್ಯುತ್ತಾರಾ? ಹೌದು ಅಂದರೆ ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಅಂತ ಮಗಳನ್ನು ತಡೆಯಬೇಡಿ.