ದಿನಾ ವಾಕಿಂಗ್ ಮಾಡಿದ್ರೂ ಶುಗರ್ ಯಾಕೆ ಇಳಿಯಲ್ಲ?

ಪ್ರಶ್ನೆ: ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಮಾತ್ರೆ ತಪ್ಪಿಸಲ್ಲ. ಕಾಫಿಗೆ ಸಕ್ಕರೆ ಬಿಟ್ಟು ಆರು ತಿಂಗಳಾಯಿತು. ಆದರೂ ಖಾಲಿ ಹೊಟ್ಟೆ ಶುಗರ್ 140ರ ಕೆಳಗೆ ಬರುತ್ತಿಲ್ಲ. ಯಾಕೆ?

ಉತ್ತರ: ವಾಕಿಂಗ್ ಬಗ್ಗೆ ಬರೆದಿದ್ದೀರಿ. ಮಿಕ್ಕ ಇಪ್ಪತ್ತಮೂರು ಗಂಟೆ ಹೇಗೆ ಕಳೆಯುತ್ತೀರಿ ಅಂತ ಬರೆದಿಲ್ಲ. ಶುಗರ್ ಲೆಕ್ಕ ಇಡೋದು ಇಡೀ ದಿನದ್ದು.

ರಾತ್ರಿಯಿಂದಲೇ ಶುರು ಮಾಡೋಣ. ಏನೂ ತಿನ್ನದೆ ಶುಗರ್ ಎಲ್ಲಿಂದ ಬಂತು ಅನ್ನಿಸುತ್ತೆ, ಅಲ್ವಾ? ಬಂದಿದ್ದು ಲಿವರ್‌ನಿಂದ. ನಾವು ಮಲಗಿದ್ದಾಗಲೂ ಅದು ರಕ್ತಕ್ಕೆ ಸ್ವಲ್ಪ ಸ್ವಲ್ಪ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿದಾಗ ಇನ್ನೂ ಜಾಸ್ತಿ ಬಿಡುತ್ತದೆ. ಅದನ್ನು ತಡೆಯಬೇಕಾದದ್ದು ಇನ್ಸುಲಿನ್. ನಿದ್ದೆಗೆಟ್ಟರೆ, ಚಿಂತೆಯಲ್ಲಿ ಹೊರಳಾಡಿದರೆ ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳಲ್ಲ.

ನನ್ನದೂ ಇದೇ ಕತೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ವಾರ ಬರೆದಿಟ್ಟೆ. ಹತ್ತೂವರೆಗೆ ಅನ್ನ ಸಾರು ಉಂಡು, ಒಂದು ಗಂಟೆವರೆಗೂ ಮೊಬೈಲ್ ನೋಡಿದ ಮಾರನೇ ಬೆಳಿಗ್ಗೆ 142. ಎಂಟಕ್ಕೆ ಉಂಡು ಹತ್ತೂವರೆಗೆ ಮಲಗಿದ ಮಾರನೇ ಬೆಳಿಗ್ಗೆ 124. ವಾಕಿಂಗ್ ಎರಡೂ ದಿನ ಅಷ್ಟೇ. (ಒಂದು ವಾರದ ಲೆಕ್ಕ ಇಟ್ಟುಕೊಂಡು ಜಾಸ್ತಿ ಹಾರಾಡಬಾರದು, ಗೊತ್ತು. ಆದರೂ ಮೊಬೈಲ್ ಅಡುಗೆಮನೆಗೆ ಹೋಯಿತು.)

ಇನ್ನು ತಟ್ಟೆ. ರಾಗಿ ಒಳ್ಳೇದು ಅಂತ ದೊಡ್ಡ ಲೋಟದಲ್ಲಿ ಗಂಜಿ ಕುಡಿಯುವವರು ಬೇಕಾದಷ್ಟು ಜನ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ತೆಳ್ಳಗೆ ಕುದಿಸಿ ಕುಡಿದರೆ ಶುಗರ್ ಸರ್ರನೆ ಏರುತ್ತದೆ. ಚಿಕ್ಕ ಮುದ್ದೆ ಮಾಡಿ, ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಧಾರಾಳವಾಗಿ ಹಾಕಿಕೊಳ್ಳಿ. ಪಲ್ಯ ಮೊದಲು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. ಅದೇ ಊಟ, ಏರಿಕೆ ಮಾತ್ರ ನಿಧಾನ.

ವಾಕಿಂಗ್ ಬಿಡಬೇಡಿ. ಅದರಲ್ಲೇ ಹದಿನೈದು ನಿಮಿಷ ತೆಗೆದು ರಾತ್ರಿ ಊಟದ ನಂತರಕ್ಕೆ ಇಡಿ. ಆಗ ರಕ್ತಕ್ಕೆ ಇಳಿಯುವ ಗ್ಲೂಕೋಸನ್ನು ಕಾಲಿನ ಸ್ನಾಯುಗಳೇ ಎಳೆದುಕೊಳ್ಳುತ್ತವೆ. ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ವ್ಯಾಯಾಮದ ಜೊತೆಗೆ 2 ದಿನ ಸ್ನಾಯುಗಳಿಗೂ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಿಮ್ಮೇ ಆಗಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ನೋಡಿ, ತೊಡೆ ಏನನ್ನುತ್ತೆ ಅಂತ.

'ಸಮಗ್ರ ಆರೋಗ್ಯ' ಅಂತ ಹೆಸರಿಟ್ಟು ಪುಡಿ ಡಬ್ಬ ಮಾರುವವರೂ ಇದ್ದಾರೆ. ಅವರ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ. ಒಂದೊಂದು ದಿನದ ನಂಬರ್ ನೋಡಿ ಕೊರಗುವುದೂ ಬೇಡ. ಸುಮಾರು 3 ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ. ನನ್ನ ಹಾಗೆ ನೀವೂ ಊಟ, ನಿದ್ದೆ, ಶುಗರ್ ಬರೆದಿಟ್ಟುಕೊಂಡು, ಆ ರಿಪೋರ್ಟ್ ಜೊತೆಗೆ ಆ ಪುಸ್ತಕವನ್ನೂ ಡಾಕ್ಟರಿಗೆ ತೋರಿಸಿ.

ಇನ್ನೊಂದು. ಊಟ ಕಮ್ಮಿ ಮಾಡಿ ನಡಿಗೆ ಜಾಸ್ತಿ ಮಾಡಿದರೆ, ಕೆಲವು ಮಾತ್ರೆ ತಗೊಳ್ಳುವವರಿಗೆ, ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಶುಗರ್ ದಿಢೀರ್ ಅಂತ ಇಳಿಯಬಹುದು. ಕೈ ನಡುಗಿ, ಮೈ ಬೆವರಿ, ಮೀಟರ್ 70ಕ್ಕಿಂತ ಕಮ್ಮಿ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ.